ಬೈಗುಳವಾದ ‘ಮನುಷ್ಯ’

‘ಕನಕ’ವೆಂದೊಡನೆ ನಮಗೆ ಹೊನ್ನು ನೆನಪಾಗುವುದಷ್ಟೆ. ಶಾಂತಸಾಗರದ ನ್ಯೂ ಕ್ಯಾಲಿಡೋನಿಯದ ಮೂಲನಿವಾಸಿಗಳಾದ ‘ಕನಾಕ್’ ಜನರ ಹೆಸರಿಗೂ ಆ ಸಂಸ್ಕೃತ ಶಬ್ದಕ್ಕೂ ನಂಟಿಲ್ಲ. ಅದು ಮೊದಲಿಗೆ ಅವರ ನುಡಿಯದೂ ಅಲ್ಲ. ದೂರದ ಹವಾಯಿ ಭಾಷೆಯಲ್ಲಿ ‘ಕನಕ’ ಎಂದರೆ ಮನುಷ್ಯ. ಐರೋಪ್ಯ ನಾವಿಕರೂ ವರ್ತಕರೂ ಈ ಪದವನ್ನು ಹೊತ್ತೊಯ್ದು ಆ ಕಡಲಿನ ದ್ವೀಪವಾಸಿಗಳಿಗೆಲ್ಲ ಅಂಟಿಸಿದರು. ಕ್ವೀನ್ಸ್‌ಲೆಂಡಿನ ಕಬ್ಬಿನ ತೋಟಗಳಲ್ಲಿ ಅದು ಕೂಲಿಯಾಳಿನ ಹೆಸರಾಯಿತು. 1853ರಲ್ಲಿ ನ್ಯೂ ಕ್ಯಾಲಿಡೋನಿಯವನ್ನು ವಶಪಡಿಸಿಕೊಂಡ ಫ್ರೆಂಚರ ಬಾಯಲ್ಲಿ ಬೈಗುಳವೇ ಆಯಿತು. 1931ರಲ್ಲಿ, ವಸಾಹತು ಪ್ರದರ್ಶನದ ಕಾಲದಲ್ಲಿ, ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ಇವರನ್ನು ನರಭಕ್ಷಕರೆಂದು ಸಾರಿ ನೋಟಕ್ಕಿಟ್ಟರು. ‘ಮನುಷ್ಯ’ನೆಂಬ ಹೆಸರಿನವರಿಗೆ ಸಂದ ಮನ್ನಣೆ ಇದು!

ಆ ಜನರ ಭಾಷೆಗಳು 28. ಎಲ್ಲರನ್ನೂ ಕೂಡಿಸಿ ಕರೆಯಲು ಒಂದು ಹೆಸರು ಬೇಕಾಗಿತ್ತು. 1970ರ ದಶಕದಲ್ಲಿ ಅವರು ಆ ಬೈಗುಳವನ್ನೇ ಕೈಗೆತ್ತಿಕೊಂಡರು. ಅದರ ಫ್ರೆಂಚ್ ಕಾಗುಣಿತವನ್ನು ಕಳಚಿ, ಫ್ರೆಂಚ್ ವ್ಯಾಕರಣದ ಲಿಂಗವಚನಗಳಿಗೂ ಬಗ್ಗದ ‘ಕನಾಕ್’ ರೂಪವನ್ನು ತಮ್ಮದಾಗಿಸಿಕೊಂಡರು. 1998ರ ನೂಮೆಯಾ ಒಪ್ಪಂದದಲ್ಲಿ ಫ್ರಾನ್ಸ್ ಸರ್ಕಾರವೂ ಆ ಹೆಸರಿಗೇ ರುಜು ಹಾಕಿತು.

ಶಬ್ದದ ಮೂಲಾರ್ಥವನ್ನು ವಿದ್ವಾಂಸರು ಹುಡುಕಿ ತೆಗೆಯಬಲ್ಲರು. ಅದರ ಮಾನವನ್ನು ಮರಳಿ ತಂದವರು ಅದರಿಂದ ಅವಮಾನಪಟ್ಟವರೇ.