ಸೋಲದೆ ಗೆದ್ದರೆ ಏನು ಮಜಾ?

ಚಿಕ್ಕವನಿದ್ದಾಗ ಅಣ್ಣನ ಜೊತೆ ಟಿ.ವಿ.ಯಲ್ಲಿ ‘ಕಾಂಟ್ರಾ’ ಆಡುತ್ತಿದ್ದೆ. ಇದ್ದದ್ದು ಮೂರೇ ಜೀವ. ಒಂದು ಗುಂಡು ತಾಗಿದರೆ ಒಂದು ಜೀವ ಖಲಾಸ್.

ಈಗ ಎಷ್ಟೋ ಮೊಬೈಲ್ ಶೂಟಿಂಗ್ ಗೇಮ್‌ಗಳಲ್ಲಿ ಹೊಸಬರ ಎದುರಾಳಿಗಳಲ್ಲಿ ಹಲವರು ಮನುಷ್ಯರೇ ಅಲ್ಲ, ಬಾಟ್‌ಗಳು. ನಾವು ಬೇಸತ್ತು ಬಿಡದಿರಲಿ ಎಂದೇ ಗೆಲ್ಲಿಸುತ್ತಾರೆ. ನನ್ನ ಮೊದಲ ಗೆಲುವನ್ನು ಹಾಸ್ಟೆಲ್‌ಗೆಲ್ಲ ಸಾರಿದ್ದೆ. ವಿಷಯ ತಿಳಿದಾಗ ನಾಚಿಕೆಯಾಯಿತು.

ಹಾಗೆಂದು ಗೇಮ್‌ಗಳಲ್ಲಿ ಸವಾಲೇ ಉಳಿದಿಲ್ಲ ಎನ್ನಲಾರೆ. 2019ರ ‘ಸೆಕಿರೊ’ದಲ್ಲಿ ‘ಈಸಿ’ ಎಂಬ ಆಯ್ಕೆಯೇ ಇಲ್ಲ. ಆದರೂ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಆ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿ ಅದಕ್ಕೇ ಬಂತು. ಕಷ್ಟದ ಆಟಗಳು ಈಗಲೂ ಇವೆ, ಕಡಿಮೆಯಾಗಿರುವುದು ಸೋಲುವ ನಮ್ಮ ತಾಳ್ಮೆ.

ಅದರ ಒಬ್ಬ ಬಾಸ್‌ ಎದುರು ವಾರವಿಡೀ ಸೋತೆ. ಕೊನೆಗೂ ಗೆದ್ದ ರಾತ್ರಿ ಯಾರಿಗೂ ಹೇಳಲಿಲ್ಲ. ಹೇಳಬೇಕು ಅನಿಸಲೂ ಇಲ್ಲ.