ಬೆನ್ನು ನೋವಿಗೆ ವರ್ಷದ ಲೆಕ್ಕ ಬೇಕು

ಮೂರು ತಿಂಗಳು ದಾಟಿದರೂ ಬಿಡದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಅದರ ಚಿಕಿತ್ಸೆಯನ್ನು ಮಾತ್ರ ನಾವು ಅಳೆಯುವುದು ಇಂಜೆಕ್ಷನ್ ಹಾಕಿಸಿಕೊಂಡ ಸಂಜೆ ನೋವು ಎಷ್ಟು ಇಳಿಯಿತು ಎಂದು ನೋಡಿ. ವರ್ಷ ಕಳೆದ ಮೇಲೆ ರೋಗಿ ಎಷ್ಟು ದೂರ ನಡೆಯುತ್ತಾರೆ, ಕೆಲಸಕ್ಕೆ ಹೋಗುತ್ತಿದ್ದಾರೆಯೇ, ರಾತ್ರಿ ನಿದ್ದೆ ಹತ್ತುತ್ತದೆಯೇ, ದಿನಕ್ಕೆ ಎಷ್ಟು ಮಾತ್ರೆ ನುಂಗುತ್ತಾರೆ ಎಂದು ಆಸ್ಪತ್ರೆಗಳು ಕೇಳಿ ಬರೆದಿಡಬೇಕು. ಚಿಕಿತ್ಸೆಯ ಬೆಲೆ ಕಟ್ಟಬೇಕಾದದ್ದು ಆ ಬರಹದಿಂದ.

ವರ್ಷದ ಲೆಕ್ಕ ಹಿಡಿದಲ್ಲೆಲ್ಲ ಚಿತ್ರವೇ ಬದಲಾಗಿದೆ. ಅಮೆರಿಕದ ಮಾಜಿ ಸೈನಿಕರ ಚಿಕಿತ್ಸಾಲಯಗಳಲ್ಲಿ ಬೆನ್ನು, ಮಂಡಿ, ಸೊಂಟದ ಕೀಲುಗಳ ಹಳೆಯ ನೋವಿದ್ದ 240 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾರ್ಫಿನ್ ಜಾತಿಯ ಔಷಧ, ಉಳಿದವರಿಗೆ ಪ್ಯಾರಾಸಿಟಮಾಲ್‌ನಂಥ ಸಾಮಾನ್ಯ ಔಷಧ ಕೊಟ್ಟು 12 ತಿಂಗಳು ಗಮನಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ದಿನನಿತ್ಯದ ಓಡಾಟದಲ್ಲಿ ಎರಡೂ ಗುಂಪು ಒಂದೇ. ನೋವು ತುಸು ಕಡಿಮೆ ಇದ್ದದ್ದು ಸಾಮಾನ್ಯ ಔಷಧದವರಿಗೇ, ಅಡ್ಡಪರಿಣಾಮ ಹೆಚ್ಚಿದ್ದದ್ದು ಬಲವಾದ ಔಷಧದವರಿಗೆ. ಆಸ್ಟ್ರೇಲಿಯಾದಲ್ಲಿ 492 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಫಿಸಿಯೋಥೆರಪಿಸ್ಟ್‌ಗಳು 12 ವಾರಗಳಲ್ಲಿ ಹೆಚ್ಚೆಂದರೆ ಏಳು ಬಾರಿ ಕೂರಿಸಿಕೊಂಡು, ನೋವಿನ ಭಯ ಬಿಡಿಸಿ, ಬಾಗುವುದು ಎತ್ತುವುದನ್ನು ಮತ್ತೆ ಕಲಿಸಿದರು. ಆರು ತಿಂಗಳಿಗೆ ಇನ್ನೊಮ್ಮೆ ಕರೆದರು. ಅಷ್ಟರಿಂದ ಆದ ಸುಧಾರಣೆ ವರ್ಷದ ಕೊನೆಗೂ ಉಳಿದಿತ್ತು. ಒಂದು ಗುಂಪಿಗೆ ಮೈಮೇಲೆ ಸೆನ್ಸರ್ ಕೂಡ ಅಂಟಿಸಿದ್ದರು, ಅದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಯಂತ್ರ ತೋರಿಸಿ ಬಿಲ್ ಏರಿಸುವವರು ಗಮನಿಸಲಿ. ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಡಿಸೆಂಬರ್‌ನಲ್ಲಿ ಹಳೆಯ ಬೆನ್ನು ನೋವಿಗೆ ತಿಳಿವಳಿಕೆ, ವ್ಯಾಯಾಮಗಳನ್ನು ಶಿಫಾರಸು ಮಾಡಿ, ಸೊಂಟದ ಬೆಲ್ಟ್, ಟ್ರಾಕ್ಷನ್, ಮಾರ್ಫಿನ್ ಜಾತಿಯ ಮಾತ್ರೆ ಬೇಡವೆಂದಿತು.

ಕೂಲಿಗೆ ಹೋಗುವವರು ನಾಳೆ ಬೆಳಿಗ್ಗೆ ಬಗ್ಗಲೇಬೇಕು, ವರ್ಷದ ಮಾತು ಯಾರಿಗೆ ಬೇಕು ಎನ್ನಬಹುದು. ಇಂದಿನ ಶಮನ ಬೇಡವೆಂದು ಯಾರೂ ಹೇಳುತ್ತಿಲ್ಲ. ಅದನ್ನೇ ಗುಣವಾಯಿತೆಂದು ಮಾರುವುದು ಬೇಡ. ಅದೇ ಇಂಜೆಕ್ಷನ್‌ಗೆ ಮತ್ತೆ ಮತ್ತೆ ಹೋದರೆ ಪ್ರತಿ ಸಲವೂ ಕೂಲಿ ಕಳೆಯುವವರು ಅವರೇ. ಓಪಿಡಿ ಸಾಲಿನ ಮುಂದೆ ವೈದ್ಯರಿಗೆ ಬಿಡುವೆಲ್ಲಿ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆದರೆ ಮೇಲಿನ ನಾಲ್ಕು ಪ್ರಶ್ನೆಗಳನ್ನು ನರ್ಸ್ ಫೋನಿನಲ್ಲೇ ಕೇಳಬಹುದು. ಕ್ಯಾನ್ಸರ್ ನೋವಿನ ಮಾತು ಬೇರೆ: ಅಲ್ಲಿ ಮಾರ್ಫಿನ್ ಬೇಕೇ ಬೇಕು, ಈ ವಾದವನ್ನು ಅದರ ವಿರುದ್ಧ ಬಳಸಕೂಡದು. ಟ್ರಮಡಾಲ್‌ನಂಥ ಮಾರ್ಫಿನ್ ಜಾತಿಯ ಮಾತ್ರೆ ಬಹುಕಾಲದಿಂದ ನುಂಗುತ್ತಿರುವವರು ಇದನ್ನೋದಿ ಒಮ್ಮೆಲೇ ನಿಲ್ಲಿಸಬಾರದು. ವೈದ್ಯರನ್ನು ಕೇಳಿ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು.