ಬ್ಯಾಟಿನೊಳಗಿನ ಮರ

ಹೋದ ತಿಂಗಳು ಶಾರ್ಲಟ್‌ನಿಂದ ಗೆಳೆಯರೊಬ್ಬರ ಫೋನು. ಎಂದಿನಂತೆ ಬಿ.ಪಿ. ಮಾತ್ರೆಯ ವಿಷಯವಿರಬೇಕು ಎಂದುಕೊಂಡೆ. "ಅದಲ್ಲ ಡಾಕ್ಟ್ರೇ, ಮಗ ಟೇಬಲ್ ಟೆನಿಸ್ ಕ್ಲಬ್ ಸೇರಿದಾನೆ. 200 ಡಾಲರಿನ ಕಾರ್ಬನ್ ಬ್ಲೇಡೇ ಬೇಕಂತೆ. ಕೊಡಿಸಲಾ?" ಎಂದರು. ಇಷ್ಟು ಬೇಗ ನಾನು ಯಾವ ರೋಗಿಗೂ "ಬೇಡ" ಎಂದಿರಲಿಲ್ಲ. ಕಾರಣವನ್ನೆಲ್ಲ ಫೋನಿನಲ್ಲಿ ಹೇಳಲಾಗಲಿಲ್ಲ. ಹಾಗಾಗಿ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್‌ಗಳು ಮುಂದಿನ ಸಂಚಿಕೆಯವರೆಗೆ ಕಾಯಲಿ.

ಬ್ಲೇಡ್ ಎಂದರೆ ಗಡ್ಡ ಹೆರೆಯುವುದಲ್ಲ. ಬ್ಯಾಟಿನ ಎರಡೂ ಬದಿಯ ರಬ್ಬರು ಕಿತ್ತರೆ ಹಿಡಿಯ ಸಮೇತ ಉಳಿಯುವ ಮರದ ಹಲಗೆ. ಮೆಡಿಕಲ್ ಕಾಲೇಜಿನ ಹಾಸ್ಟೆಲಿನಲ್ಲಿ ಅನಾಟಮಿಗಿಂತ ಶ್ರದ್ಧೆಯಿಂದ ಈ ಆಟವನ್ನೇ ಕಲಿತರೂ, ನಮಗೆ ಈ ಪದ ಗೊತ್ತಿರಲಿಲ್ಲ. ಇದ್ದದ್ದು ಎರಡೇ ಬ್ಯಾಟು. ಒಂದರ ರಬ್ಬರು ಕಾದ ದೋಸೆಯ ಅಂಚಿನಂತೆ ಮೇಲೆದ್ದಿತ್ತು. ಅದು ಸೋತವನ ಪಾಲಿಗೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅರ್ಚನಾ ಕಾಮತ್, ಜರ್ಮನಿಯ ಮೇಲಿನ ತಂಡದ ಕ್ವಾರ್ಟರ್‌ಫೈನಲ್‌ನಲ್ಲಿ ಶಾನ್ ಶಿಯಾವೊನಾ ಅವರನ್ನು ಸೋಲಿಸಿದ್ದನ್ನು ನನ್ನ ಮಗಳು ನೋಡಿದಳು. ಪಂದ್ಯ ಭಾರತದ ಕೈತಪ್ಪಿತು, ಆದರೆ ಹನ್ನೆರಡರ ಹುಡುಗಿಯ ತಲೆಯಲ್ಲಿ ಉಳಿದದ್ದು ಆ ಒಂದು ಗೆಲುವು. (ಅಟ್ಲಾಂಟಾದವರು ಹೆಮ್ಮೆಪಡಲು ಇನ್ನೊಂದು ವಿಷಯ: 1996ರಲ್ಲಿ ನಿಮ್ಮೂರಿನ ಒಲಿಂಪಿಕ್ಸ್‌ನಲ್ಲಿ ಕರ್ನಾಟಕದ ಚೇತನ್ ಬಬೂರ್ ಆಡಿದ್ದರು.) ಇಲ್ಲಿ ಮೇರಿಲ್ಯಾಂಡಿನಲ್ಲಿ ಕ್ಲಬ್ಬಿಗೆ ಸೇರಿಸಿದೆ. ಹಾಸ್ಟೆಲಿನ ದೋಸೆ ಬ್ಯಾಟು ನೆನಪಾಗಿ, ಮಗಳಿಗಾದರೂ ಒಳ್ಳೆಯದಿರಲಿ ಎಂದು ಹೆಚ್ಚು ಬೆಲೆಯ ಕಾರ್ಬನ್ ಬ್ಲೇಡನ್ನೇ ತಂದೆ.

ಎರಡು ತಿಂಗಳು ಅವಳು ಹೊಡೆದ ಚೆಂಡುಗಳಲ್ಲಿ ಅರ್ಧ ಟೇಬಲ್ ದಾಟಿ ಗೋಡೆಗೆ ಬಡಿದವು. ಹೊರಗೆ ಹೋಗಬಾರದೆಂದು ಹೆದರಿ, ತೋಳು ಬೀಸುವುದನ್ನೇ ಬಿಟ್ಟು ಬರೀ ತಳ್ಳತೊಡಗಿದಳು. ಒಂದು ದಿನ ಕಾರಿನಲ್ಲಿ, "ಅಪ್ಪಾ, ನಂಗೆ ಇದು ಬರಲ್ಲ. ನಾಳೆಯಿಂದ ಬರಲ್ಲ" ಎಂದಳು. ನಾನು ಪರಿಶ್ರಮದ ಬಗ್ಗೆ ಭಾಷಣ ಮಾಡಿದೆ. ಮಾರನೆಯ ವಾರ ಕೋಚ್ ಅವಳ ಬ್ಯಾಟು ತೆಗೆದಿಟ್ಟು, ತಮ್ಮ ಚೀಲದಿಂದ ಹಳೆಯ ಮರದ ಬ್ಯಾಟೊಂದನ್ನು ಕೊಟ್ಟರು. ಅರ್ಧ ಗಂಟೆಯಲ್ಲಿ ಚೆಂಡು ಟೇಬಲಿನ ಮೇಲೆ ಬೀಳತೊಡಗಿತು. ರೋಗ ಮಗಳದಲ್ಲ, ಅಪ್ಪನ ಪ್ರಿಸ್ಕ್ರಿಪ್ಷನ್ನಿನದು.

ಅಂತರರಾಷ್ಟ್ರೀಯ ನಿಯಮದಂತೆ ಬ್ಲೇಡಿನ ದಪ್ಪದಲ್ಲಿ ಕನಿಷ್ಠ ಶೇ. 85 ಮರವೇ ಇರಬೇಕು. ಒಂದು ಪದರದ ಕಾರ್ಬನ್ ಎಷ್ಟು ದಪ್ಪವೆಂದರೂ 0.35 ಮಿ.ಮೀ. ಮೀರುವಂತಿಲ್ಲ. ಕೂದಲೆಳೆಯಷ್ಟರ ಅದೇ ಪದರ ಹಲಗೆಯನ್ನು ಬಿಗಿಯಾಗಿಸುತ್ತದೆ, ಚೆಂಡು ತಗುಲಿದ್ದೇ ಹಾರುತ್ತದೆ. ಪೂರ್ತಿ ಮರದ್ದಾದರೆ ಹಲಗೆ ತುಸು ಬಾಗಿ ಚೆಂಡನ್ನು ಒಂದು ಕ್ಷಣ ಹಿಡಿದಂತೆ ಮಾಡುತ್ತದೆ. ಚೆಂಡನ್ನು ಸವರಿ ತಿರುಗಿಸುವುದನ್ನು ಕೈ ಕಲಿಯುವುದು ಆ ಕ್ಷಣದಲ್ಲೇ. ತಪ್ಪಾದಾಗ ಹಿಡಿಯ ಮೂಲಕ ಅಂಗೈಗೆ ಗೊತ್ತಾಗುತ್ತದೆ.

ಹಾಗಾದರೆ ಯಾವುದು ಕೊಳ್ಳಬೇಕು? ಐದು ಪದರದ, 'ಆಲ್‌ರೌಂಡ್' ಎಂದು ಬರೆದಿರುವ ಮರದ ಬ್ಲೇಡು. ಸ್ಟಿಗಾದ ಆಲ್‌ರೌಂಡ್ ಕ್ಲಾಸಿಕ್ ಎಷ್ಟೋ ದಶಕಗಳಿಂದ ಬರುತ್ತಿದೆ. ಸ್ವಲ್ಪ ವೇಗ ಬೇಕಾದವರಿಗೆ ಯಸಾಕಾದ ಸ್ವೀಡನ್ ಎಕ್ಸ್‌ಟ್ರಾ. ಇಂಥವು ಸಾಮಾನ್ಯವಾಗಿ 40ರಿಂದ 70 ಡಾಲರಿನೊಳಗೆ ಸಿಗುತ್ತವೆ. ಏಳು ಪದರದ ಕ್ಲಿಪ್ಪರ್ ಕೂಡ ಮರದ್ದೇ, ಆದರೆ ದಪ್ಪ, ವೇಗ, ಭಾರ ಎಲ್ಲ ಹೆಚ್ಚು. ಹೊಡೆತ ಕುದುರಿದ ಮೇಲೆ ನೋಡೋಣ. ನೆಂಟರು ಬಂದಾಗ ಬೇಸ್‌ಮೆಂಟಿನಲ್ಲಿ ಆಡುವುದಷ್ಟೇ ಆದರೆ ಅಂಗಡಿಯ ರೆಡಿಮೇಡ್ ಬ್ಯಾಟೇ ಸಾಕು, ಈ ಲೇಖನ ಇಲ್ಲಿಗೇ ಬಿಡಬಹುದು.

ಡಾಕ್ಟರಾಗಿ ನಾನು ನೋಡುವುದು ತೂಕ. ಮರವಾದ್ದರಿಂದ ಒಂದೇ ಮಾಡೆಲಿನ ಎರಡು ಬ್ಲೇಡುಗಳ ತೂಕವೂ ಒಂದೇ ಇರುವುದಿಲ್ಲ. 85 ಗ್ರಾಂ ಒಳಗಿನದನ್ನು ಆರಿಸಿ ಕಳಿಸಿ ಎಂದು ಮಾರುವವರನ್ನು ಕೇಳಿ, ಸಂಕೋಚ ಬೇಡ. ಎರಡು ರಬ್ಬರು ಅಂಟಿಸಿದರೆ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮಕ್ಕಳ ಮಣಿಕಟ್ಟಿಗೂ ನಮ್ಮ ವಯಸ್ಸಿನವರ ಮೊಣಕೈಗೂ ಆ ಹೊರೆ ಒಳ್ಳೆಯದಲ್ಲ. ಹಿಡಿ ನೇರವೋ, ಬುಡದಲ್ಲಿ ಅಗಲವೋ ಎಂಬುದನ್ನು ಆಡುವವರ ಕೈಗೇ ಬಿಡಿ.

ಉಳಿದ ಹಣ ರಬ್ಬರಿಗೆ. ಬ್ಲೇಡು ವರ್ಷಗಟ್ಟಲೆ ಬಾಳುತ್ತದೆ, ರಬ್ಬರು ಮಾತ್ರ ಕ್ರಮೇಣ ಹಿಡಿತ ಕಳೆದುಕೊಳ್ಳುತ್ತದೆ. ಹೊಸ ಬ್ಲೇಡಿಗೆ ಮೊದಲೇ ತೆಳ್ಳಗೆ ವಾರ್ನಿಷ್ ಸವರಿ ಒಣಗಿಸಿದರೆ ರಬ್ಬರು ಕೀಳುವಾಗ ಮರದ ಸಿಬಿರು ಏಳುವುದಿಲ್ಲ. ಇನ್ನೊಂದು ಮಾತು: ನಮ್ಮ ಕಡೆಯ ಜುಲೈ ಸೆಕೆಯಲ್ಲಿ ಬ್ಯಾಟನ್ನು ಕಾರಿನ ಡಿಕ್ಕಿಯಲ್ಲಿ ಮರೆತು ಬರಬೇಡಿ. ಹಲಗೆ ಸೊಟ್ಟಗಾದೀತು.

ಶಾರ್ಲಟ್ ಗೆಳೆಯರು ಮರದ ಬ್ಲೇಡೇ ತರಿಸಿದರಂತೆ. ಹುಡುಗನ ಮುಖ ಇನ್ನೂ ಊದಿಕೊಂಡಿದೆಯಂತೆ, ಇರಲಿ. ನಮ್ಮ ಮನೆಯ ಕಾರ್ಬನ್ ಬ್ಲೇಡು ಈಗ ನನ್ನ ಪಾಲಿಗೆ ಬಂದಿದೆ. ಕಳೆದ ಭಾನುವಾರ ಅದರಲ್ಲಿ ಮಗಳ ಎದುರು ಆಡಿದೆ, 11-4. ನಾಲ್ಕು ನನ್ನವು.